ಭಾವ ತಂದ ವೈರಸ್ಸುಗಳು

ಬೇರೆಯವರ ಭಾವಂದಿರು ಊರಿನಿಂದ ಬರುವಾಗ ನಾದಿನಿಗೆ ಬಳೆ ತರುತ್ತಾರೆ, ರಿಬ್ಬನ್ನು ತರುತ್ತಾರೆ, ಏನೂ ಇಲ್ಲವೆಂದರೆ ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿಸಿಕೊಂಡ ಖಾರಾಸೇವೆಯನ್ನಾದರೂ ತರುತ್ತಾರೆ. ನನ್ನ ಭಾವ ಬೇಲೂರಿನಿಂದ ಅರಸೀಕೆರೆಯ ನಮ್ಮ ಮನೆಗೆ ಬರುವಾಗಲೆಲ್ಲ ವೈರಸ್ ತರುತ್ತಿದ್ದರು!

ಗಾಬರಿ ಬೇಡ, ಕಾಗದದ ವೈರಸ್ಸು. ಹಳೆಯ ಮದುವೆ ಕರೆಯೋಲೆಗಳನ್ನು ಮುಕ್ಕೋನ ಮುಕ್ಕೋನವಾಗಿ ಕತ್ತರಿಸಿ, ಮೈದಾ ಅಂಟಿನಿಂದ ಒಂದಕ್ಕೊಂದು ಜೋಡಿಸಿ, ಇಪ್ಪತ್ತು ಮುಖದ ಒಂದು ಉಂಡೆ ಮಾಡುತ್ತಿದ್ದರು. ಒಂದು ಮುಖದಲ್ಲಿ ಅರಿಶಿನದ ಮೂಲೆ, ಇನ್ನೊಂದರಲ್ಲಿ ಅರ್ಧ ಗಣಪತಿ, ಮತ್ತೊಂದರಲ್ಲಿ ‘ಸಕುಟುಂಬ ಸಮೇತರಾಗಿ’ ಎಂಬಷ್ಟು ಅಕ್ಷರ. ಅದನ್ನು ಬೆರಳ ತುದಿಯಲ್ಲಿ ತಿರುಗಿಸುತ್ತ, “ನೋಡಮ್ಮ, ಪೋಲಿಯೋ ವೈರಸ್ಸು ಹೆಚ್ಚು ಕಡಿಮೆ ಹೀಗಿರತ್ತಂತೆ” ಎನ್ನುತ್ತಿದ್ದರು. ಸಕುಟುಂಬ ಸಮೇತ ಬರುವ ವೈರಸ್ಸು! ಇದನ್ನು ಕೈಯಲ್ಲಿ ಹಿಡಿದು ನಾನು ಥ್ಯಾಂಕ್ಸ್ ಹೇಳಬೇಕೇ, ಕೈ ತೊಳೆದುಕೊಳ್ಳಬೇಕೇ?

ಭಾವ ಬೇಲೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಉದ್ದಕ್ಕೆ, ತೆಳ್ಳಗೆ, ಯಾವಾಗಲೂ ಏನನ್ನೋ ಕಳೆದುಕೊಂಡವರ ಹಾಗೆ ಇರುತ್ತಿದ್ದರು. ಕೋಟಿನ ಒಂದು ಜೇಬಿನಲ್ಲಿ ಕತ್ತರಿ, ಇನ್ನೊಂದರಲ್ಲಿ ಅಂಟಿನ ಡಬ್ಬಿ. ಆ ಡಬ್ಬಿಯ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲವಾದ್ದರಿಂದ ಜೇಬು ಒಣಗಿ ಹಪ್ಪಳವಾಗಿತ್ತು. “ಅಳಿಯಂದಿರ ಕೋಟನ್ನ ಒಗೆಯೋಕ್ಕಾಗಲ್ಲ ಕಣೇ, ಮುರೀಬೇಕು” ಎಂದು ನಮ್ಮಮ್ಮ ಹೇಳುತ್ತಿದ್ದಳು.

ಈ ಹುಚ್ಚು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಹಿಡಿಸಿದವಳು ನನ್ನ ಅಕ್ಕ. ಅವರಿಬ್ಬರ ಮೊದಲ ಮಗು, ಗಂಡು, ಎರಡು ವರ್ಷ ತುಂಬುವ ಹೊತ್ತಿಗೆ ಸಿಡುಬಿನಲ್ಲಿ ಹೋಗಿತ್ತು. ಸಿಡುಬು ಎಂದು ಈಗ ಬರೆಯುತ್ತಿದ್ದೇನೆ. ಆಗ, ಐವತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ, ಮನೆಯೊಳಗೆ ಯಾರೂ ಆ ಹೆಸರೆತ್ತುತ್ತಿರಲಿಲ್ಲ; ‘ಅಮ್ಮ ಬಂದಿದಾಳೆ’ ಎನ್ನಬೇಕಿತ್ತು. ಬಂದ ಅಮ್ಮ ಸಿಟ್ಟಾಗಿ ಮಗುವನ್ನು ಕರೆದುಕೊಂಡು ಹೋದಳು ಎಂದು ಅಕ್ಕ ನಂಬಿಬಿಟ್ಟಿದ್ದಳು. ಆಮೇಲೆ ಹುಟ್ಟಿದವಳು ಪುಟ್ಟಿ. ಅವಳಿಗೆ ಮೂರು ವರ್ಷವಾದರೂ ದಾಕು ಹಾಕಿಸಿರಲಿಲ್ಲ. ಸಿಡುಬು ಬರದಂತೆ ತೋಳಿಗೆ ಚುಚ್ಚುವುದಕ್ಕೆ ನಮ್ಮ ಕಡೆ ದಾಕು ಎನ್ನುತ್ತಿದ್ದರು. ದಾಕು ಹಾಕುವವರು ಬೀದಿಯ ಆ ತುದಿಯಲ್ಲಿ ಕಂಡರೆ ಸಾಕು, ಅಕ್ಕ ಪುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲ ಬಾಗಿಲಿನಿಂದ ಮಾಯವಾಗುತ್ತಿದ್ದಳು.

“ಒಂದು ಸಲ ಸಿಟ್ಟು ಮಾಡ್ಕೊಂಡಿದಾಳೆ. ಈಗ ಬರಲೇಬೇಡ ಅಂತ ಬಾಗಿಲು ಹಾಕಿದ್ರೆ ಸುಮ್ನಿರ್ತಾಳಾ?” ಇದು ಅಕ್ಕನ ವಾದ.

ನೆರೆಹೊರೆಯವರು, “ಏನ್ ಮೇಷ್ಟ್ರೇ, ಗಂಡಸಾಗಿ ಒಂದು ಮಾತು ಗದರಿಸಿ ಹಾಕಿಸಬಾರದೇ?” ಎಂದು ಭಾವನನ್ನು ಚುಚ್ಚುತ್ತಿದ್ದರು. ಭಾವ ಒಂದು ಸಲ ನನ್ನೆದುರು ಹೇಳಿದರು: “ಅವಳ ಕೈಯಿಂದ ಮಗು ಕಿತ್ಕೊಂಡ್ರೆ, ಅಮ್ಮ ಏನು ಮಾಡಿದಳು ಅಂತ ಅವಳು ತಿಳ್ಕೊಂಡಿದಾಳೋ ಅದನ್ನೇ ನಾನೂ ಮಾಡಿದ ಹಾಗಾಗತ್ತೆ.” ಅಕ್ಕ ಒಪ್ಪದೆ ಪುಟ್ಟಿಯ ತೋಳು ಮುಟ್ಟಿಸುವುದಿಲ್ಲ ಎಂದು ಮಾತೂ ಕೊಟ್ಟಿದ್ದರು. ಕೊಟ್ಟ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಪಾಪ.

ಹಾಗಾಗಿ ಉಳಿದದ್ದು ಒಪ್ಪಿಸುವ ದಾರಿಯೊಂದೇ. ಇದು ಯಾರ ಸಿಟ್ಟೂ ಅಲ್ಲ, ವೈರಸ್ ಎಂಬ ಒಂದು ವಸ್ತು ಎಂದು ಭಾವ ವಿವರಿಸಿದರು. ಅಕ್ಕ ಹುಣಿಸೆಹಣ್ಣು ಕಿವುಚುತ್ತಾ, “ತೋರಿಸಿ” ಎಂದಳು.

“ಸ್ಕೂಲಿನ ಮೈಕ್ರೋಸ್ಕೋಪಲ್ಲಿ ಕಾಣಲ್ಲ ಕಣೇ. ಅಷ್ಟು ಸಣ್ಣದು.”

“ಹಾಗಾದ್ರೆ ನೀವೂ ನೋಡಿಲ್ಲ.”

“ಇಲ್ಲ.”

“ಕಾಣದ್ದನ್ನೇ ನಂಬೋದಾದ್ರೆ ನಾನು ಆ ತಾಯಿನೇ ನಂಬ್ಕೋತೀನಿ. ನಿಮ್ಮದನ್ನ ನನ್ನ ಕೈಯಲ್ಲಿಟ್ಟು ತೋರಿಸಿ, ಅವತ್ತೇ ದಾಕು ಹಾಕಿಸ್ತೀನಿ.”

ಬಿ.ಎಸ್ಸಿ. ಓದಿದ ಭಾವ, ಲೋಯರ್ ಸೆಕೆಂಡರಿ ಓದಿದ ಅಕ್ಕ ಹಾಕಿದ ಪಂಥವನ್ನು ಒಪ್ಪಿಕೊಂಡು ಕತ್ತರಿ ಕೈಗೆತ್ತಿಕೊಂಡರು. ಅಲ್ಲಿಂದ ಶುರುವಾಯಿತು ನೋಡಿ!

ಬೆಂಗಳೂರಿನ ಯಾವುದೋ ಪ್ರಯೋಗಾಲಯದಲ್ಲಿ ಅವರ ಹಳೆಯ ಸಹಪಾಠಿಯೊಬ್ಬರಿದ್ದರು. ಅವರು ಓದಿ ಮುಗಿಸಿದ ವಿಲಾಯತಿ ಪತ್ರಿಕೆಗಳು ರೈಲ್ವೆ ಪಾರ್ಸಲ್ಲಿನಲ್ಲಿ ಅರಸೀಕೆರೆಗೆ ಬರುತ್ತಿದ್ದವು. ಭಾವ ಬಂದು ಬಿಡಿಸಿಕೊಂಡು, ಬೇಲೂರಿನ ಬಸ್ಸಿಗೆ ಕಾಯುವ ನೆಪದಲ್ಲಿ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೇ ಬಿಚ್ಚುತ್ತಿದ್ದರು. ಬಸ್ಸು ರೈಲ್ವೆ ಪ್ಲಾಟ್‌ಫಾರಮ್ಮಿಗೆ ಬರುವುದಿಲ್ಲವೆಂಬುದು ಅವರಿಗೆ ಹೊಳೆಯುವ ಹೊತ್ತಿಗೆ ಬಸ್ಸು ಹೋಗಿಯಾಗಿರುತ್ತಿತ್ತು. ಆಮೇಲೆ ನಮ್ಮ ಮನೆಗೆ ಊಟಕ್ಕೆ ಬಂದು ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದರು.

“ಬಾಯಿಲ್ಲ, ಹೊಟ್ಟೆಯಿಲ್ಲ, ಉಸಿರಾಟವಿಲ್ಲ. ಹೊರಗೊಂದು ಕವಚ, ಒಳಗೊಂದು ಎಳೆ. ಮುಗೀತು. ಆ ಎಳೆಯಲ್ಲಿ ಬರೆದಿರೋದು ಇಷ್ಟೇ: ನನ್ನ ಹಾಗೇ ಇನ್ನೊಂದನ್ನ ಮಾಡು. ಅಷ್ಟನ್ನ ಹೊತ್ಕೊಂಡು ಅದು ಬಂದುಬಿಡತ್ತೆ.”

ಇದನ್ನು ಹೇಳುವಾಗ ಭಾವನ ದನಿ ತಾನಾಗಿ ತಗ್ಗುತ್ತಿತ್ತು. ನಗಬೇಕೆಂದು ಕೂತಿದ್ದ ನನಗೂ ಮೈ ಜುಮ್ಮೆನ್ನುತ್ತಿತ್ತು. ಜೀವವಿರುವುದಕ್ಕೆ ಇಷ್ಟೇ ಸಾಕೇ? ಅಥವಾ ಇದು ಜೀವವೇ ಅಲ್ಲವೇ? ಕೇಳಿದರೆ ಭಾವ, “ಅದೇ ಯಾರಿಗೂ ಗೊತ್ತಿಲ್ಲ” ಎಂದು, ಲಾಟರಿ ಹೊಡೆದವರ ಹಾಗೆ ಸಂತೋಷಪಡುತ್ತಿದ್ದರು. “ಕೆಲವನ್ನ ಉಪ್ಪಿನ ಹರಳಿನ ಹಾಗೆ ಹರಳು ಮಾಡಿ ಶೀಶೆಯಲ್ಲಿ ಇಡಬಹುದಂತೆ. ವರ್ಷಗಟ್ಟಲೆ ಸುಮ್ಮನೆ ಬಿದ್ದಿರತ್ತೆ. ತನಗೆ ಬೇಕಾದ ಜೀವಕೋಶ ಸಿಕ್ತೋ, ಎದ್ದು ಕೆಲಸ ಶುರು.”

“ನಮ್ಮ ಮನೇಲೂ ಒಬ್ಬರಿದಾರೆ, ಎಲೆ ಹಾಕೋವರೆಗೂ ಹಾಗೇ” ಎಂದು ನಮ್ಮಮ್ಮ ಪಡಸಾಲೆಯಲ್ಲಿ ಒರಗಿದ್ದ ನಮ್ಮಪ್ಪನ ಕಡೆ ನೋಡಿದಳು.

ಆ ವರ್ಷ ಗಣೇಶನ ಹಬ್ಬಕ್ಕೆ ನಾನು ಬೇಲೂರಿಗೆ ಹೋಗಿದ್ದೆ. ಪಂಕ್ತಿಯಲ್ಲಿ ಭಾವನ ಕಡೆಯ ಹಿರಿಯರೆಲ್ಲ ಕೂತಿದ್ದಾರೆ. ಭಾವ ಕಡುಬನ್ನು ಎತ್ತಿ ಹಿಡಿದು, “ಹೊರಗೆ ಕಣಕ, ಒಳಗೆ ಹೂರಣ. ಇದೇ ವೈರಸ್ಸು. ಜೀವಕೋಶದ ಹತ್ತಿರ ಬಂದಾಗ ಕೆಲವು ಏನು ಮಾಡ್ತವೆ ಗೊತ್ತಾ? ಹೂರಣ ಮಾತ್ರ ಒಳಕ್ಕೆ ಹೋಗತ್ತೆ, ಕಣಕ ಹೊರಗೇ ಉಳಿಯತ್ತೆ” ಎಂದು ಪ್ರತಿಯೊಂದು ಕಡುಬಿನ ಹೂರಣ ಹೀರಿ ಕಣಕವನ್ನು ಎಲೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿದರು. ಎದುರಿಗೆ ಕೂತಿದ್ದ ಅವರ ಸೋದರತ್ತೆ ನೋಡುವಷ್ಟು ನೋಡಿ, “ಅದೇನು ವೈರಸ್ಸೋ ನಂಗೊತ್ತಿಲ್ಲಪ್ಪ. ಐದು ವರ್ಷದವನಿದ್ದಾಗಲೂ ನೀನು ಹೀಗೇ ತಿಂತಿದ್ದೆ” ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಕ್ಕ ಮಾತ್ರ ಬಡಿಸುವ ಪಾತ್ರೆ ಹಿಡಿದು ಆ ಖಾಲಿ ಕಣಕಗಳನ್ನೇ ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದಳು.

ಇದಾದ ಮೇಲೆ ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್ಸಿನ ಸರದಿ. ಅದಕ್ಕೆ ತಲೆಯಿದೆ, ಕೊಳವೆಯಂಥ ಬಾಲವಿದೆ, ಕೂರುವುದಕ್ಕೆ ಕಾಲುಗಳಿವೆ! ಭಾವ ನಮ್ಮಪ್ಪನ ಕೊಡೆಯ ಕಡ್ಡಿಗಳನ್ನು ಕಿತ್ತು ಕಾಲು ಮಾಡಿದರು, ಬಿದಿರ ಕೊಳವೆ ಬಾಲವಾಯಿತು, ಅರಸೀಕೆರೆಯ ಉಂಡೆ ಕೊಬ್ಬರಿಯೊಂದು ತಲೆಯಾಯಿತು. ಅದನ್ನು ಬೇಲೂರಿಗೆ ಒಯ್ದು ಜಗಲಿಯ ಮೇಲೆ ನಿಲ್ಲಿಸಿದಾಗ ಹಾಲಿನ ನಿಂಗವ್ವ ಅದನ್ನು ಕಂಡು ಚೊಂಬನ್ನು ಬೀದಿಯಲ್ಲೇ ಇಟ್ಟು, “ಅವ್ವಾ, ಮೇಷ್ಟ್ರು ಮಾಟ ಮಾಡ್ತಾವ್ರೆ” ಎಂದು ಓಡಿದಳು. ಅಕ್ಕ, “ಇದೇನಾ ನಮ್ಮ ಮಗೂನ ತಗೊಂಡಿದ್ದು?” ಎಂದು ಕೇಳಿದಳು. ಭಾವ ಸುಳ್ಳು ಹೇಳುವ ಜನವಲ್ಲ. “ಅಲ್ಲ, ಇದು ಬೇರೆ” ಎಂದರು. “ಹಾಗಾದ್ರೆ ಕೊಬ್ಬರಿ ಕೊಡಿ, ಚಟ್ನಿಗೆ ಬೇಕು” ಎಂದು ಅಕ್ಕ ತಲೆಯನ್ನು ತೆಗೆದುಕೊಂಡು ಒಳಗೆ ಹೋದಳು.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲವೇನೋ. ನನ್ನನ್ನು ನೋಡಲು ತಿಪಟೂರಿನಿಂದ ಗಂಡಿನ ಕಡೆಯವರು ಬಂದಿದ್ದರು. ನಮ್ಮಮ್ಮ ನನ್ನ ಜಡೆಗೆ ಮಲ್ಲಿಗೆ ದಂಡೆಯನ್ನು ಮೇಲಿನಿಂದ ಕೆಳಗೆ ಒತ್ತೊತ್ತಾಗಿ ಸುತ್ತಿದ್ದಳು. ನಾನು ಕಾಫಿ ಕೊಟ್ಟು ತಿರುಗಿದೆ. ಅಷ್ಟು ಹೊತ್ತೂ ಬುದ್ಧಿವಂತರ ಹಾಗೆ ಕೂತಿದ್ದ ಭಾವ ಇದ್ದಕ್ಕಿದ್ದ ಹಾಗೆ ಎದ್ದು ನಿಂತು, “ಅಲ್ಲಾಡಬೇಡಮ್ಮ” ಎಂದರು. ನಿಂತೆ. “ನೋಡಿ, ಒಳಗೆ ಎಳೆ, ಸುತ್ತ ಮೊಗ್ಗು, ಒಂದೇ ಥರದ ಮೊಗ್ಗು, ಸುರುಳಿಯಾಗಿ. ಹೊಗೆಸೊಪ್ಪಿನ ಗಿಡಕ್ಕೆ ಬರೋ ವೈರಸ್ಸು ಥೇಟ್ ನಮ್ಮ ಹುಡುಗಿ ಜಡೆ ಕಣ್ರೀ!”

ಗಂಡಿನ ತಾಯಿ ಕಾಫಿ ಲೋಟ ಕೆಳಗಿಟ್ಟರು. “ಹುಡುಗಿಗೆ ಏನಾದ್ರೂ ಕಾಯಿಲೆ ಇದೆಯಾ?” ಎಂದು ನಮ್ಮಪ್ಪನನ್ನು ಮೆಲ್ಲಗೆ ಕೇಳಿದರು. ಇಲ್ಲವೆಂದು ನಮ್ಮಪ್ಪ ಎಷ್ಟು ಹೇಳಿದರೆ ತಾನೆ ಏನು? ಆ ಸಂಬಂಧ ತಿಪಟೂರಿಗೆ ಹೋದದ್ದು ವಾಪಸು ಬರಲಿಲ್ಲ. ಒಂದು ವಾರ ನಾನು ಭಾವನ ಹತ್ತಿರ ಮಾತು ಬಿಟ್ಟಿದ್ದೆ. ಅವರಿಗೆ ಅದು ಗೊತ್ತೇ ಆಗಲಿಲ್ಲ.

ರಾಜಿಯಾದದ್ದು ಹಳೇಬೀಡಿನಲ್ಲಿ. ಒಂದು ಭಾನುವಾರ ಅಕ್ಕ, ಭಾವ, ಪುಟ್ಟಿ, ನಾನು ಬಸ್ಸಿನಲ್ಲಿ ಹೋದೆವು. ಭಾವನ ಕೈಯಲ್ಲಿ ಇಪ್ಪತ್ತು ಮುಖದ ಉಂಡೆ ಇದ್ದೇ ಇತ್ತು. ದೇವಸ್ಥಾನದ ಸುತ್ತಲಿನ ಜಗತಿ ಕಟ್ಟೆಯ ಮೇಲೆ ಅದನ್ನಿಟ್ಟು, ಗೋಡೆಯ ಮೂಲೆಗಳನ್ನು ಮುಟ್ಟುತ್ತ ಮುಟ್ಟುತ್ತ ಸುತ್ತು ಹೊರಟರು. ಎಲ್ಲರೂ ಗೋಡೆಯ ಶಿಲ್ಪ ನೋಡಿದರೆ ನಮ್ಮ ಭಾವ ಮೂಲೆ ನೋಡುತ್ತಾರೆ!

“ಈ ಮೂಲೆ ನೋಡು. ಇದನ್ನೇ ಸ್ವಲ್ಪ ತಿರುಗಿಸಿದ್ರೆ ಆ ಮೂಲೆ. ಅದನ್ನ ತಿರುಗಿಸಿದ್ರೆ ಅದರಾಚೆಯದು. ನಕ್ಷತ್ರದ ಆಕಾರದ ಇಷ್ಟು ದೊಡ್ಡ ಗುಡಿಗೆ ಒಂದೇ ಮೂಲೆಯ ಲೆಕ್ಕ. ವೈರಸ್ಸೂ ಅಷ್ಟೇ ಕಣೇ. ಅದರ ಎಳೆ ಗಿಡ್ಡ, ಅದರಲ್ಲಿ ಬಹಳ ಬರೆಯೋಕ್ಕೆ ಜಾಗವಿಲ್ಲ. ಅದಕ್ಕೇ ಒಂದು ತುಂಡಿನ ಅಚ್ಚು ಮಾತ್ರ ಇಟ್ಕೊಂಡು, ಅದನ್ನೇ ಮತ್ತೆ ಮತ್ತೆ ಮಾಡಿ, ತಿರುಗಿಸಿ ತಿರುಗಿಸಿ ಜೋಡಿಸಿ ಕೋಟೆ ಕಟ್ಕೊಳ್ಳತ್ತೆ.”

ಬಿಸಿಲು ಆ ಕಲ್ಲಿನ ಮಡಿಕೆಗಳ ಮೇಲೆ ಬಿದ್ದಿತ್ತು. ನನಗೆ ಅವತ್ತು ಮೊದಲ ಸಲ ಆ ಗೋಡೆ ಅರ್ಥವಾಯಿತು. ವೈರಸ್ಸೂ ಅರ್ಥವಾಯಿತು. ಕಣ್ಣಿಗೆ ಕಾಣದಷ್ಟು ಸಣ್ಣದರಲ್ಲೂ, ಕಣ್ಣು ಹಾಯದಷ್ಟು ದೊಡ್ಡದರಲ್ಲೂ ಒಂದೇ ಉಪಾಯ! ಸಂಬಂಧ ತಪ್ಪಿದ ಸಿಟ್ಟನ್ನು ನಾನು ಅಲ್ಲೇ ಬಿಟ್ಟೆ.

“ಇದನ್ನ ಶಿಲ್ಪಿಗಳು ಕಟ್ಟಿದ್ರು. ನಿಮ್ಮದನ್ನ ಯಾರು ಕಟ್ತಾರೆ?” ಎಂದಳು ಅಕ್ಕ.

“ಯಾರೂ ಇಲ್ಲ. ತುಂಡುಗಳನ್ನ ಬಿಡಿಬಿಡಿ ಮಾಡಿ ಒಂದು ಕಡೆ ಬಿಟ್ರೆ ತಾವೇ ಹೋಗಿ ಸೇರ್ಕೊಳ್ತವಂತೆ. ಹೇಳೋರಿಲ್ಲ, ಕೇಳೋರಿಲ್ಲ.”

“ಹೇಳೋರೇ ಇಲ್ವಾ?” ಎಂದು ಅಕ್ಕ ಅಲ್ಲೇ ನಿಂತುಬಿಟ್ಟಳು. ಸುತ್ತು ಮುಗಿಸಿ ಬಂದು ನೋಡಿದರೆ ಜಗತಿಯ ಮೇಲಿದ್ದ ಕಾಗದದ ಉಂಡೆಗೆ ಯಾರೋ ಪುಣ್ಯಾತ್ಮರು ಕುಂಕುಮವಿಟ್ಟು ಸೇವಂತಿಗೆ ಏರಿಸಿ ಹೋಗಿದ್ದರು. “ಸದ್ಯ, ನಿಮ್ಮ ದೇವರಿಗೂ ಪೂಜೆ ಆಯ್ತು” ಎಂದಳು ಅಕ್ಕ. ಭಾವ ಸೇವಂತಿಗೆಯನ್ನು ತೆಗೆದು ಅವಳಿಗೇ ಕೊಟ್ಟರು.

ಬೇಸಿಗೆ ಬಂತು. ರಜೆಗೆ ನಾನು ಬೇಲೂರಿನಲ್ಲೇ ಇದ್ದೆ. ಒಂದು ಬೆಳಿಗ್ಗೆ ನಿಂಗವ್ವ ಹಾಲು ಅಳೆಯುತ್ತ, “ಬಿಕ್ಕೋಡ್ ಕಡೆ ಅಮ್ಮ ಬಂದವ್ಳಂತೆ ಕಣವ್ವ. ಎಲ್ಡು ಮಕ್ಳು ಮಲಗವಂತೆ. ಮಗೀನ ಹೊರಕ್ ಬಿಡ್ಬ್ಯಾಡಿ” ಎಂದಳು. ಅಕ್ಕನ ಮುಖ ಬಿಳಿಚಿಕೊಂಡಿತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು, ಪುಟ್ಟಿಯನ್ನು ಸೊಂಟದಿಂದ ಇಳಿಸಲಿಲ್ಲ. ಬಿಕ್ಕೋಡೆಂದರೆ ಎಷ್ಟು ದೂರ? ಬೆಳಿಗ್ಗೆ ಬಸ್ಸು ಹತ್ತಿದವರು ಕಾಫಿ ಹೊತ್ತಿಗೆ ಇಲ್ಲಿರುತ್ತಾರೆ.

ಭಾವ ಪುಟ್ಟಿಯ ಬರಿಯ ತೋಳನ್ನು ನೋಡುತ್ತ ನಿಂತಿದ್ದರು. “ಒಂದು ಸಲ ಮಾತು ಮೀರಿಬಿಡಿ ಭಾವ” ಎಂದು ನಾನೇ ಹೇಳಿದೆ. ಅವರು ಕೋಟು ಹಾಕಿಕೊಂಡು ಅರಸೀಕೆರೆಯ ಬಸ್ಸು ಹತ್ತಿದರು. ಅಲ್ಲಿಂದ ಬೆಂಗಳೂರಿಗೆ ರೈಲು, ಆ ಸಹಪಾಠಿಯ ಪ್ರಯೋಗಾಲಯಕ್ಕೆ.

ಮಾರನೆಯ ದಿನ ಮಧ್ಯಾಹ್ನ ಬರಿಗೈಯಲ್ಲಿ ಬಂದರು. “ಸಿಡುಬಿನದನ್ನೇ ನೋಡ್ದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ತೆಗೆದ ಫೋಟೋ” ಎಂದರು.

“ಹೇಗಿದೆ ಭಾವ?”

“ಇಟ್ಟಿಗೆ.”

“ಇಟ್ಟಿಗೆಯೇ?”

“ಇಪ್ಪತ್ತು ಮುಖವಿಲ್ಲ, ಕಾಲಿಲ್ಲ, ಮಲ್ಲಿಗೆ ದಂಡೆಯಿಲ್ಲ. ಮೂಲೆ ಸವೆದ ಇಟ್ಟಿಗೆ ಕಣಮ್ಮ.”

ಇಷ್ಟು ದಿನ ಇಷ್ಟೊಂದು ಚೆಲುವಾದ ಆಕಾರಗಳನ್ನು ಕತ್ತರಿಸಿ ಅಂಟಿಸಿದ ಮನುಷ್ಯನಿಗೆ ತನ್ನ ಮಗನನ್ನು ತೆಗೆದುಕೊಂಡದ್ದು ಇಟ್ಟಿಗೆಯೆಂದು ಗೊತ್ತಾದರೆ ಹೇಗಾಗಬೇಡ? ಅವರು ಬಚ್ಚಲಿಗೆ ಹೋಗಿ ಬಟ್ಟೆ ಒಗೆಯುವ ಸೋಪು ತಂದರು. ಒಗೆದೊಗೆದು ಅದರ ಮೂಲೆಗಳು ಸವೆದಿದ್ದವು. ಅದನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ, ಒಳಗೆ ಡಮರುಗದ ಆಕಾರದಲ್ಲಿ ಕೆತ್ತಿ, ಅಕ್ಕನ ಹೊಲಿಗೆ ಡಬ್ಬಿಯಿಂದ ದಾರ ತೆಗೆದು ಆ ಕುಳಿಯಲ್ಲಿ ಮಡಿಸಿಟ್ಟರು. ಅಕ್ಕ ನಡುಮನೆಯಲ್ಲಿ ಪುಟ್ಟಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಎರಡು ಹೋಳನ್ನೂ ಅವಳ ಅಂಗೈಯಲ್ಲಿಟ್ಟರು.

“ಇದೇನಾ?”

“ಇದೇ. ಈ ಸಲ ಕಣ್ಣಾರೆ ನೋಡ್ಕೊಂಡು ಬಂದಿದೀನಿ.”

ಅಕ್ಕ ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದಳು. ಬೆರಳಿನಿಂದ ಸವರಿದಳು. “ಇದಕ್ಕೆ ಕಣ್ಣೆಲ್ಲಿ?”

“ಕಣ್ಣಿಲ್ಲ.”

“ಮೂಗು?”

“ಇಲ್ಲ.”

“ಕಿವೀನೂ ಇಲ್ವಾ?”

“ಇಲ್ಲ ಕಣೇ. ಇರೋದೇ ಇಷ್ಟು. ಗೋಡೆ, ದಾರ.”

ಅಕ್ಕ ಎರಡು ಹೋಳನ್ನೂ ಒಂದರ ಮೇಲೊಂದಿಟ್ಟು ಮುಚ್ಚಿದಳು. ಆಮೇಲೆ ಭಾವನನ್ನು ನೋಡದೆ ಹೇಳಿದಳು: “ಅವತ್ತು ನೀವು ಔಷಧಿಗೆ ಹಾಸನಕ್ಕೆ ಹೋಗಿದ್ರಿ. ಮಗು ಏನೂ ತಿಂದಿರ್ಲಿಲ್ಲ. ಸಪ್ಪೆ ಗಂಜಿ ಕೊಟ್ರೆ ಮುಖ ತಿರುಗಿಸ್ತಿತ್ತು. ‘ಚುಂಯ್ ಸಾರು’ ಅಂತು. ಒಗ್ಗರಣೆ ಚುಂಯ್ ಅನ್ನತ್ತಲ್ಲ, ಅದಕ್ಕೆ ಹಾಗೆ ಅಂತಿತ್ತು.”

ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಎಣ್ಣೆ ಸಿಡಿಯುವ ಸದ್ದಿಗೆ, ಸಾಸಿವೆ ಇಂಗಿನ ವಾಸನೆಗೆ ಅವಳು ಕೆರಳುತ್ತಾಳೆ ಎಂದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಕಟ್ಟುನಿಟ್ಟು.

“ಬಾಗಿಲು ಹಾಕ್ಕೊಂಡು ಒಂದೇ ಒಂದು ಸೌಟಿಗೆ ಸಾಸಿವೆ ಹಾಕಿದೆ ಕಣ್ರೀ. ಎರಡು ತುತ್ತು ತಿಂತು. ನಕ್ತು. ಬೆಳಗಾಗೋ ಹೊತ್ತಿಗೆ ಇರ್ಲಿಲ್ಲ. ನಾನೇ ಅಮ್ಮನ್ನ ಕೆರಳಿಸ್ದೆ ಅಂತ ಯಾರಿಗೂ ಹೇಳಿರ್ಲಿಲ್ಲ.” ಅವಳು ಸೋಪಿನ ಹೋಳನ್ನು ಬಿಗಿಯಾಗಿ ಹಿಡಿದಿದ್ದಳು. “ಹಾಗಾದ್ರೆ ಇದಕ್ಕೆ ಆ ಸದ್ದು ಕೇಳಿಸಿರ್ಲಿಲ್ಲ, ಅಲ್ವಾ?”

ಎಲ್ಲದಕ್ಕೂ ಒಂದು ಗಂಟೆಯ ಉತ್ತರವಿದ್ದ ಭಾವ ಇಲ್ಲವೆಂದು ತಲೆಯಾಡಿಸಿದರು.

ಅಕ್ಕ ಎದ್ದು ಪುಟ್ಟಿಗೆ ತೋಳಿಲ್ಲದ ಫ್ರಾಕು ಹಾಕಿದಳು. ನಾವು ಆಸ್ಪತ್ರೆಗೆ ನಡೆದುಕೊಂಡೇ ಹೋದೆವು. ಚುಚ್ಚುವಾಗ ಪುಟ್ಟಿ ಊರೆಲ್ಲ ಕೇಳುವಂತೆ ಕಿರುಚಿದಳು, ಭಾವ ಗೋಡೆಯ ಕಡೆ ತಿರುಗಿ ನಿಂತರು, ಅಕ್ಕ ಮಾತ್ರ ಮಗಳ ತೋಳನ್ನು ಅಲ್ಲಾಡದಂತೆ ತಾನೇ ಹಿಡಿದುಕೊಂಡಿದ್ದಳು.

ವಾಪಸು ಬರುವಾಗ ಪುಟ್ಟಿ ಭಾವನ ಹೆಗಲ ಮೇಲೆ ಬಿಕ್ಕುತ್ತಿದ್ದಳು. ಭಾವ ದಾರಿಯಲ್ಲಿ ನಿಂತರು. ಉಪನ್ಯಾಸ ಶುರುವಾಯಿತು ಎಂದುಕೊಂಡೆ.

“ಅವತ್ತು ಮಗು ಕೇಳಿತು, ನೀನು ಕೊಟ್ಟೆ. ಒಳ್ಳೇದು ಮಾಡ್ದೆ ಕಣೇ” ಎಂದರು.

ಅಮ್ಮ ಕರೆದುಕೊಂಡು ಹೋದ ಮಗುವಿಗಾಗಿ ಅಳಬಾರದೆಂದು ಹಿರಿಯರು ಆಗ ಅಕ್ಕನನ್ನು ಅಳಲೂ ಬಿಟ್ಟಿರಲಿಲ್ಲ. ಅವತ್ತು ಬೀದಿಯ ನಡುವೆ, ಹೋಗಿ ಬರುವವರೆಲ್ಲ ನೋಡುತ್ತಿದ್ದಂತೆ, ಅವಳು ತನ್ನ ಮಗನಿಗಾಗಿ ಬಾಯಿಬಿಟ್ಟು ಅತ್ತಳು.